ಸೀಲ್‌ಗೆಂದು ತಂದ ಗುಂಡು

ದೊಡ್ಡ ರೈಫಲ್ ಕಡಲ ಪಾಲಾಗಿತ್ತು. ದೋಣಿ ಬಂಡೆಗೆ ಬಡಿದು ಮಗುಚಿದಾಗ ಸೈರಸ್ ಮೊದಲು ಅದನ್ನೇ ಹಿಡಿಯಲು ಹೋದ. ರೈಫಲೂ ಸಿಗಲಿಲ್ಲ, ಕಾಲೂ ಉಳಿಯಲಿಲ್ಲ. ದೋಣಿಗೂ ಬಂಡೆಗೂ ನಡುವೆ ಸಿಕ್ಕಿದ ಎಡಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಅವನ ಅಕ್ಕನ ಮಗಳು ಅರ್ಲೀನ್ ಕಂಕುಳಿಗೆ ಕೈಹಾಕಿ ದಡಕ್ಕೆ ಎಳೆದುಹಾಕಿದಳು. ಅವಳ ಬೆನ್ನಿಗೆ ಕಟ್ಟಿಕೊಂಡಿದ್ದ ಚಿಕ್ಕ ರೈಫಲ್ ಮಾತ್ರ ಅವಳ ಜೊತೆ ಬಂತು.

ಉತ್ತರದ ಕಡಲಂಚಿನ ನಮ್ಮ ಹೂನಾ ಊರಿನಲ್ಲಿ ಸೋದರಮಾವನೆಂದರೆ ತಂದೆಗಿಂತ ಒಂದು ಕೈ ಮೇಲು. ಬೇಟೆ ಕಲಿಸುವುದು ಅವನು, ಬೈಯುವುದು ಅವನು, ಹೊಗಳದೆ ಬಿಡುವುದೂ ಅವನೇ. ಅರ್ಲೀನ್ ಮೀನು ಕೊಯ್ಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಕಡಲಲ್ಲಿ ಈಜುವ ಸೀಲ್ ಪ್ರಾಣಿಯನ್ನು ಹೊಡೆಯುವುದರಲ್ಲಿ ಊರಿನ ಗಂಡಸರೂ ಅವಳ ಸಮಕ್ಕೆ ಬರುತ್ತಿರಲಿಲ್ಲ. ಆದರೆ ಜಿಂಕೆ ಹೊಡೆದವಳಲ್ಲ. ಆ ನವೆಂಬರಿನಲ್ಲಿ ಚಳಿಗಾಲದ ಮಾಂಸಕ್ಕೆಂದು ಮಾವನ ಜೊತೆ ಹೊರಟಿದ್ದಳು. ಜಿಂಕೆಯ ಕೆಲಸವೆಲ್ಲ ಮಾವನ ದೊಡ್ಡ ರೈಫಲಿನದು, ದಾರಿಯಲ್ಲಿ ಸೀಲ್ ಕಂಡರೆ ತನ್ನದು ಎಂದುಕೊಂಡಿದ್ದಳು.

ಈಗ ಗಾಳಿ ನಿಲ್ಲುತ್ತಿರಲಿಲ್ಲ. ವಿಮಾನ ಹಾರುವಂತಿರಲಿಲ್ಲ, ದೋಣಿ ಬರುವಂತಿರಲಿಲ್ಲ. ರೇಡಿಯೋದಿಂದ ಉಪ್ಪುನೀರು ಸೋರುತ್ತಿತ್ತು. ಅರ್ಲೀನ್ ಹೆಮ್ಲಾಕ್ ಮರದ ಬುಡದಲ್ಲಿ ಟಾರ್ಪಾಲು ಕಟ್ಟಿದಳು, ಮರದ ಅಂಟು ಕಿತ್ತು ತಂದು ಲೈಟರಿನಿಂದ ಬೆಂಕಿ ಮಾಡಿದಳು, ಎರಡು ಕೊಂಬೆ ಕೊಟ್ಟು ಮಾವನ ಕಾಲನ್ನು ಬಿಗಿದಳು. ಜೇಬಿನಲ್ಲಿದ್ದ ಒಣಮೀನು ಬೇಗ ಮುಗಿಯಿತು. ಬಂಡೆಗೆ ಕಚ್ಚಿದ ಚಿಪ್ಪುಮೀನುಗಳು ಕಣ್ಣೆದುರಿಗೇ ಇದ್ದವು. ಆ ವರ್ಷ ಅವುಗಳಲ್ಲಿ ವಿಷ ಸೇರಿತ್ತು, ಹಿಂದಿನ ತಿಂಗಳು ಅವನ್ನು ತಿಂದ ಒಬ್ಬಾಕೆ ತುಟಿ ಮರಗಟ್ಟಿ ಆಸ್ಪತ್ರೆ ಸೇರಿದ್ದಳು. ಹಾಗಾಗಿ ಕಡಲಪಾಚಿ ಬೇಯಿಸಿ ತಿಂದರು. ಅದರಿಂದ ಹೊಟ್ಟೆ ಉಬ್ಬಿತೇ ಹೊರತು ಮೈ ಬಿಸಿಯಾಗಲಿಲ್ಲ. ಮಾವ ಬೆಂಕಿಯ ಪಕ್ಕದಲ್ಲೇ ನಡುಗತೊಡಗಿದ.

"ತೋಟಾ ಏನೇನಿದೆ, ತೋರ್ಸು," ಎಂದ.

ಅರ್ಲೀನ್ ಜೇಬು ಬರಿದುಮಾಡಿ ಟಾರ್ಪಾಲಿನ ಮೇಲೆ ಹರವಿದಳು. ಎರಡು ಜಾತಿಯವಿದ್ದವು. ಅವಳು ಯಾವಾಗಲೂ ಬಳಸುವ ಗಿಡ್ಡ ಗುಂಡಿನವು ಒಂದು. ಮಾವ ಹೋದ ವಾರ ಅಂಗಡಿಯಿಂದ ತಂದುಕೊಟ್ಟಿದ್ದ, ಸೀಸದ ಮೂತಿಯ ಉದ್ದ ಗುಂಡಿನವು ಇನ್ನೊಂದು.

ಮಾವ ಗಿಡ್ಡದ್ದನ್ನು ಎತ್ತಿಕೊಂಡ. "ಇದು ಸೀಲ್ ತಲೆಗೆ ಸರಿ. ತೆಳು ಹೊದಿಕೆ, ತಾಗಿದ್ ತಕ್ಷಣ ಪುಡಿ. ಜಿಂಕೆ ಭುಜದ ಮೂಳೆ ಮೇಲೆ ಬಿದ್ರೆ ಅಲ್ಲೇ ಸಿಡ್ದು ಹೋಗತ್ತೆ, ಒಳಗೆ ಇಳಿಯಲ್ಲ. ಜಿಂಕೆ ಓಡ್ಹೋಗಿ ಎಲ್ಲೋ ನರಳಿ ಸಾಯತ್ತೆ." ಉದ್ದದ್ದನ್ನು ಅವಳ ಅಂಗೈಲಿಟ್ಟ. "ಇದು ಒಳಗೆ ಇಳಿದು ಅರಳತ್ತೆ. ನಿನ್ನ ಆಟದ ಸಾಮಾನಲ್ಲೂ ಜಿಂಕೆ ಹೊಡೀಬಹುದು ಅಂತ ತಂದಿದ್ದೆ. ಮುಂಗಾಲಿನ ಹಿಂದೆ, ಪಕ್ಕೆಲುಬಿಗೆ ಹೊಡಿ. ತಿಳೀತಾ?"

"ತಿಳೀತು ಮಾವ."

ಹಿಮ ಜಾಸ್ತಿಯಾಗಿ ಜಿಂಕೆಗಳು ಬೆಟ್ಟ ಇಳಿದು ದಡಕ್ಕೆ ಬರುತ್ತಿದ್ದವು, ಕಡಲ ನೀರಿನ ಇಳಿತದ ಹೊತ್ತಿಗೆ ಕಡಲಪಾಚಿ ಮೇಯಲು. ಮಧ್ಯಾಹ್ನ ಒಂದು ಗಂಡು ಬಂತು. ಅರ್ಲೀನ್ ರೈಫಲನ್ನು ಬಂಡೆಯ ಮೇಲಿಟ್ಟು ಉಸಿರು ಕಟ್ಟಿ ಹೊಡೆದಳು. ಜಿಂಕೆ ತಲೆಯೆತ್ತಿ ನೋಡಿತು. ಮತ್ತೆ ಹೊಡೆದಳು. ಅದು ಆರಾಮಾಗಿ ಕಾಡು ಹೊಕ್ಕಿತು.

"ನಿನ್ನ ಕೈ ನಡುಗಿರ್ಬೇಕು," ಎಂದ ಮಾವ.

"ನಡುಗ್ಲಿಲ್ಲ. ಬಂಡೆ ಮೇಲಿಟ್ಟು ಹೊಡ್ದೆ."

"ಹಾಗಾದ್ರೆ ಬಂಡೆ ನಡುಗಿರ್ಬೇಕು."

ಅವಳಿಗೆ ಸಿಟ್ಟು ಬಂತು. ಕಡಲು ತಂದೆಸೆದಿದ್ದ ಮೀನಿನ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳವೊಂದು ದಡದಲ್ಲಿತ್ತು. ಮಾವ ಬೇಡ ಬೇಡ ಎನ್ನುತ್ತಿದ್ದಂತೆಯೇ ಅದನ್ನು ಮರಕ್ಕೆ ಒರಗಿಸಿ ಅದೇ ಉದ್ದ ಗುಂಡಿನಿಂದ ಹೊಡೆದಳು. ಗುರಿಯಿಟ್ಟದ್ದು ನಡುವಿಗೆ, ತಾಗಿದ್ದು ಮೂಲೆಗೆ. ತೂತು ದುಂಡಗಿರಲಿಲ್ಲ. ಗುಂಡು ಅಡ್ಡ ಮಲಗಿಕೊಂಡು ತೂರಿದಂತೆ ಉದ್ದಕ್ಕೆ ಸೀಳಿತ್ತು.

ಮಾವ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮುಖದ ನಗೆ ಆರಿತು.

"ಹಳೇ ನಳಿಗೆ," ಎಂದ. "ಒಳಗಿನ ಸುರುಳಿಗೆರೆ ನಿಧಾನದ್ದು. ಇಷ್ಟುದ್ದದ ಗುಂಡನ್ನ ಬುಗುರಿ ಥರ ತಿರುಗ್ಸೋಕೆ ಅದ್ರ ಕೈಲಿ ಆಗ್ತಿಲ್ಲ. ಹೊರಗೆ ಬಂದ್ ಮೇಲೆ ಪಲ್ಟಿ ಹೊಡೀತಿದೆ. ನಾನು ತರೋಕ್ ಮುಂಚೆ ನಿನ್ನ ಬಂದೂಕು ನೋಡ್ಬೇಕಿತ್ತು ಕಣೇ."

"ಈಗೇನ್ ಮಾಡೋದು?"

"ಸೀಲ್ ಗುಂಡೇ ಗತಿ. ಆದ್ರೆ ಭುಜಕ್ಕಲ್ಲ. ಕತ್ತಿಗೆ, ತಲೆ ಸೇರೋ ಜಾಗಕ್ಕೆ. ಅಲ್ಲಿ ಸಿಡಿದ್ರೆ ನಿಂತಲ್ಲೇ ಬೀಳತ್ತೆ. ಕತ್ತು ಕಾಣದಿದ್ರೆ ಹೊಡೀಬೇಡ. ಹಸಿವು ಎಷ್ಟೇ ಆಗ್ಲಿ."

ಮರುದಿನ ಬೆಳಗ್ಗೆ ಮಾವನಿಗೆ ಜ್ವರ ಏರಿತು. ಬೂಟು ಕತ್ತರಿಸಿ ತೆಗೆದಾಗ ಪಾದ ನೇರಳೆಗಟ್ಟಿತ್ತು, ಮುಟ್ಟಿದರೆ ಅವನಿಗೆ ಗೊತ್ತೇ ಆಗಲಿಲ್ಲ. ಅವನು ಸತ್ತುಹೋದ ಅಕ್ಕನ ಜೊತೆ ಮಾತಾಡಲು ಶುರುಮಾಡಿದ. ಅರ್ಲೀನ್ ಆ ಮಾತು ಕೇಳಲಾರದೆ ರೈಫಲ್ ಹಿಡಿದು ದಡಕ್ಕೆ ಓಡಿದಳು.

ಹೆಣ್ಣು ಜಿಂಕೆಯೊಂದು ಪಾಚಿ ಮೇಯುತ್ತಿತ್ತು. ಅಡ್ಡ ನಿಂತಿತ್ತು, ತಲೆ ಬಂಡೆಯ ಹಿಂದೆ. ಭುಜ ಮಾತ್ರ ಕಾಣುತ್ತಿತ್ತು. ಅವಳು ಕಾದಳು. ತಲೆ ಮೇಲೇಳಲಿಲ್ಲ. ಹಿಂದಿನಿಂದ ಮಾವನ ಬಡಬಡಿಕೆ ಗಾಳಿಯಲ್ಲಿ ತೇಲಿಬರುತ್ತಿತ್ತು. ಜಿಂಕೆ ಕಾಡಿನತ್ತ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು ಇಟ್ಟಿತು. ಅವಳು ಟ್ರಿಗರ್ ಎಳೆದುಬಿಟ್ಟಳು.

ಜಿಂಕೆ ಕುಸಿಯಿತು. ಅವಳ ಗಂಟಲಿಂದ ಕೂಗು ಹೊರಟಿತು. ಅಷ್ಟರಲ್ಲಿ ಅದು ಎದ್ದು ಮೂರು ಕಾಲಲ್ಲಿ ಕುಪ್ಪಳಿಸುತ್ತ ಮರಗಳ ನಡುವೆ ಮರೆಯಾಯಿತು. ಬಂಡೆಯ ಮೇಲೆ ಕೂದಲು, ಮೂಳೆಯ ಚೂರು, ಹಿಡಿಯಷ್ಟು ಜಜ್ಜಿದ ಮಾಂಸ ಬಿದ್ದಿತ್ತು. ಮಾವ ಹೇಳಿದ್ದಂತೆಯೇ ಆಗಿತ್ತು.

ರಕ್ತದ ಜಾಡು ಹಿಡಿದು ಹೋದಳು. ಹಿಮದಲ್ಲಿ ಮೊದಲು ಚೆನ್ನಾಗಿ ಕಾಣುತ್ತಿತ್ತು, ಆಮೇಲೆ ಹನಿ ಹನಿಯಾಯಿತು. ಮುಳ್ಳುಪೊದೆಗಳಲ್ಲಿ ತೆವಳಿದಳು, ಬಿದ್ದ ಮರಗಳನ್ನು ಹತ್ತಿ ಇಳಿದಳು. ತೊರೆಯ ಆಚೆ ಜಿಂಕೆಯ ಅರಚಾಟ ಕೇಳಿತು, ತಟ್ಟನೆ ನಿಂತಿತು. ಅವಳು ಮುಂದೆ ಹೋಗಿ ಕೊಂಬೆ ಸರಿಸಿದರೆ, ಜಿಂಕೆಯ ಮೇಲೆ ಕರಡಿ ನಿಂತಿತ್ತು.

ಕರಡಿಯನ್ನು ನಮ್ಮಲ್ಲಿ ಬೈಯುವುದಿಲ್ಲ, ಹೆದರಿಸುವುದಿಲ್ಲ, ಅಜ್ಜ ಎನ್ನುತ್ತೇವೆ. ಅರ್ಲೀನ್ ಕೈಲಿದ್ದ ರೈಫಲನ್ನು ನೆಲಕ್ಕೆ ಬಗ್ಗಿಸಿದಳು. ಆ ಗುಂಡಿನಿಂದ ಅದರ ತೊಗಲೂ ಹರಿಯುತ್ತಿರಲಿಲ್ಲ.

"ಅಜ್ಜಾ," ಎಂದಳು. "ನಮ್ಮ ಮೇಲೆ ಕರುಣೆ ಇರ್ಲಿ. ನಮ್ಮ ಮಾವ ಸಾಯ್ತಾ ಇದಾನೆ. ಒಂದು ತೊಡೆನಾದ್ರೂ ಬಿಡು ಅಜ್ಜಾ."

ಕರಡಿ ಉಸಿರು ಬುಸುಗುಟ್ಟಿ, ಮೂತಿ ತಗ್ಗಿಸಿ ತಿನ್ನತೊಡಗಿತು. ಅವಳು ಹಿಂದೆ ಹಿಂದೆ ಹೆಜ್ಜೆ ಇಡುತ್ತ ತೊರೆ ದಾಟಿದಳು. ಆಚೆ ದಡದಲ್ಲಿ ಕುಸಿದು ಕೂತು, ಕೈಗವಸನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಬಂದಾಗ ಮಾವನಿಗೆ ಸ್ವಲ್ಪ ಎಚ್ಚರವಿತ್ತು. "ಹೊಡ್ದ ಶಬ್ದ ಕೇಳ್ತು," ಎಂದ.

"ಭುಜಕ್ಕೆ ಹೊಡ್ದೆ. ಕರಡಿ ಪಾಲಾಯ್ತು."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಾ, ಬೆಂಕಿ ಹತ್ರ ಕೂತ್ಕೋ," ಎಂದಷ್ಟೇ ಹೇಳಿದ. "ನಿನ್ನ ಅಮ್ಮ ಬಂದಿದ್ಳು. ಹುಡುಗೀನ ಯಾಕೆ ಕರ್ಕೊಂಡ್ ಬಂದೆ ಅಂತ ನನ್ನ ಬೈದ್ಳು."

"ಅಮ್ಮನಿಗೆ ಹೇಳು, ಇನ್ನೊಂದ್ ಸಲ ಹೋಗ್ತೀನಿ ಅಂತ."

ಸೀಲ್ ಗುಂಡಿನ ತೋಟಾ ಒಂದೆರಡು ಉಳಿದಿದ್ದವು. ಮಾರನೆಯ ಇಳಿತಕ್ಕೆ ಅವಳು ಬೆಳಕು ಹರಿಯುವ ಮುಂಚೆಯೇ ನೀರಿನಂಚಿನ ಬಂಡೆಗಳ ನಡುವೆ ಮಲಗಿದಳು, ಸೀಲ್‌ಗೆ ಕಾಯುವ ಹಾಗೆ. ಮೈಮೇಲೆ ಹಿಮ ಬಿದ್ದು ಕರಗಿ ಮತ್ತೆ ಹೆಪ್ಪುಗಟ್ಟಿತು. ಬೆರಳು ಮರಗಟ್ಟಿದಾಗಲೆಲ್ಲ ಬಾಯಲ್ಲಿಟ್ಟುಕೊಂಡಳು. ಎರಡು ಜಿಂಕೆ ಬಂದವು, ದೂರದಲ್ಲೇ ಮೇಯ್ದು ಹೋದವು. ಹೊಡೆಯಲಿಲ್ಲ. ಅವು ಹೋಗುವುದನ್ನು ನೋಡುತ್ತ ಅಲ್ಲೇ ಮಲಗಿದ್ದಳು.

ತುಂಬ ಹೊತ್ತಿನ ಮೇಲೆ ಎಳೆಯ ಹೆಣ್ಣೊಂದು ಅವಳತ್ತಲೇ ಮೇಯುತ್ತ ಬಂತು. ತಲೆ ತಗ್ಗಿಸಿ ಪಾಚಿ ಕಿತ್ತು, ಎತ್ತಿ ಅಗಿದು, ಮತ್ತೆ ತಗ್ಗಿಸುತ್ತಿತ್ತು. ತಲೆ ನಿಲ್ಲುತ್ತಲೇ ಇರಲಿಲ್ಲ. ಅವಳು ತುಟಿ ಬಿಗಿದು ಮರಿಯಂತೆ ಸಣ್ಣಗೆ ಅರಚಿದಳು, ಚಿಕ್ಕವಳಿದ್ದಾಗ ಮಾವ ಹುಲ್ಲಿನೆಸಳಿನಲ್ಲಿ ಊದುತ್ತಿದ್ದ ಹಾಗೆ. ಜಿಂಕೆ ತಲೆಯೆತ್ತಿ ಕಿವಿ ಮುಂದೆ ಮಾಡಿ ನಿಂತಿತು. ಕತ್ತು, ಕಿವಿಯ ಕೆಳಗಿನ ಆ ಜಾಗ, ಪೂರ್ತಿ ಅವಳೆದುರಿಗೆ ತೆರೆದುಕೊಂಡಿತು.

ಗುಂಡಿನ ಸದ್ದು ಅಡಗುವ ಮೊದಲೇ ಜಿಂಕೆ ನಿಂತಲ್ಲೇ ಬಿದ್ದಿತ್ತು. ಕಾಲು ಕೂಡ ಒದೆಯಲಿಲ್ಲ.

ಅವಳು ಅದರ ಬಾಯಿಗೆ ಒಂದು ಎಸಳು ಪಾಚಿ ಇಟ್ಟು ಏನೋ ಹೇಳಿದಳು. ಏನು ಹೇಳಿದೆ ಎಂದು ಆಮೇಲೆ ನಾವು ಕೇಳಿದರೆ ನೆನಪಿಲ್ಲ ಎಂದಳು. ಕರುಳು ಅಲ್ಲೇ ಬಿಟ್ಟು ಮಿಕ್ಕಿದ್ದನ್ನು ಎಳೆದುಕೊಂಡು ಬಂದಳು. ದೋಣಿಯ ನೀರು ತೋಡುವ ತಗಡಿನ ಡಬ್ಬಿಯಲ್ಲಿ ಕಿಡ್ನಿಯ ಸುತ್ತಲ ಕೊಬ್ಬನ್ನೂ ಲಿವರನ್ನೂ ಕುದಿಸಿ ಮಾವನ ತಲೆ ತೊಡೆಯ ಮೇಲಿಟ್ಟು ಕುಡಿಸಿದಳು. ಮೊದಲು ಎಲ್ಲ ಹೊರಗೆ ಬಂತು. ಬಾಯಿ ಒರೆಸಿ ಮತ್ತೆ ಕುಡಿಸಿದಳು.

"ಉಪ್ಪಿಲ್ಲ," ಎಂದ ಮಾವ ಕಣ್ಣುಮುಚ್ಚಿಕೊಂಡೇ.

"ಇಡೀ ಕಡಲೇ ಇದೆ. ತರ್ಲಾ?"

ಆದರೆ ಮಾಂಸ ಕಾಲನ್ನು ಉಳಿಸಲಿಲ್ಲ. ಕಪ್ಪು ಮೇಲೇರುತ್ತಲೇ ಇತ್ತು. ವಾಸನೆ ಬರತೊಡಗಿತು. ಅರ್ಲೀನ್ ಅವನಿಗೆ ತಿನ್ನಿಸುತ್ತ, ಹಸಿಮರ ಸುಟ್ಟು ಹೊಗೆಯೆಬ್ಬಿಸುತ್ತ, ಅವನು ಉಸಿರಾಡುವುದನ್ನು ನೋಡುತ್ತ ಕೂತಳು. ಕೊನೆಗೂ ಗಾಳಿ ಇಳಿದಾಗ ಏಡಿ ಹಿಡಿಯುವ ದೋಣಿಯೊಂದು ಹೊಗೆ ಕಂಡು ಕೊಲ್ಲಿಯೊಳಕ್ಕೆ ತಿರುಗಿತು. ಅವಳು ಕೈಬೀಸಲು ಎದ್ದು ನಿಲ್ಲಲಾರದೆ ಕೂತಲ್ಲಿಂದಲೇ ಕೂಗಿದಳು.

ಜೂನೋ ಪಟ್ಟಣದ ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ಎಚ್ಚರವಾದಾಗ ಸೈರಸ್ ಹೊದಿಕೆ ಚಪ್ಪಟೆಯಾಗಿದ್ದ ಕಡೆ ಬಹಳ ಹೊತ್ತು ನೋಡಿದ. ನರ್ಸ್ ತಟ್ಟೆಯಲ್ಲಿ ಆಲೂಗಡ್ಡೆ ಮುದ್ದೆ, ಬೆಂದ ಕೋಳಿ ತಂದಿಟ್ಟಳು. ಅವನು ತಟ್ಟೆಯನ್ನು ಪಕ್ಕದ ಕುರ್ಚಿಯಲ್ಲಿದ್ದ ಅರ್ಲೀನ್ ಕಡೆ ತಳ್ಳಿದ.

"ನೀನ್ ತಿನ್ನು. ಹೆಣದ ಥರ ಕಾಣ್ತಿದೀಯ."

"ನಿಂಗೆ ಮಾವ?"

"ನಾನು ಕೂಗಿ ಇನ್ನೊಂದು ತರ್ಸ್ಕೋತೀನಿ. ಇಲ್ಲಿ ಕೂಗಿದ್ರೆ ಬರ್ತಾರೆ."

ಅವಳು ತಟ್ಟೆ ಮಡಿಲಲ್ಲಿಟ್ಟುಕೊಂಡು ಒಂದು ಚೂರೂ ಬಿಡದೆ ತಿಂದಳು. ತಿಂದು, ಅವನ ಹಾಸಿಗೆಯ ಅಂಚಿಗೆ ತಲೆಯಿಟ್ಟು ಅಲ್ಲೇ ನಿದ್ದೆಹೋದಳು.