ನೀರಾವರಿ ಖಾನೆಯಲ್ಲಿ ಬೀಸುಕಲ್ಲಿನ ಪದ

ನಾನು ಸಾಗವಾನಿಯ ಒಂದು ಬೀರು. ಬಟ್ಟೆ ಇಡುವ ಬೀರು ಅಲ್ಲ, ಪುಸ್ತಕ ಇಡುವುದೂ ಅಲ್ಲ. ಯಾವ ಪುಸ್ತಕ ಎಲ್ಲಿದೆ ಎಂದು ತಿಳಿಸುವ ಕಾರ್ಡುಗಳನ್ನು ಇಡುವ ಬೀರು. ಮೈತುಂಬ ಸಣ್ಣ ಖಾನೆಗಳು, ಒಂದೊಂದಕ್ಕೂ ಹಿತ್ತಾಳೆಯ ಹಿಡಿಕೆ. ಮೌನೇಶ ಬಡಿಗೇರ ಎಂಬವರು ನನ್ನನ್ನು ಮಾಡಿ, ಚಕ್ಕಡಿಯಲ್ಲಿ ತಾಲ್ಲೂಕು ಗ್ರಂಥಾಲಯಕ್ಕೆ ತಂದಿಳಿಸಿದಾಗ, "ಇದರಾಗ ಏನ್ ಇಡ್ತೀರ್ರೀ, ಜೀರಗಿ ಸಾಸಿವಿ?" ಎಂದು ಕೇಳಿದ್ದರು. ಜೀರಿಗೆ ಸಾಸಿವೆಯನ್ನೇ ಇಟ್ಟಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮೊದಲ ಗ್ರಂಥಪಾಲಕರು ಶಾಂತವೀರಯ್ಯ ಗಣಾಚಾರಿ. ಅವರ ಪಾಲಿಗೆ ತಿಳಿವಳಿಕೆ ಎಂದರೆ ಮರ. ನನ್ನ ಎಡಗಡೆ ವಿಷಯದ ಮರ ಬೆಳೆಸಿದರು: ಕಲೆ ಎಂಬ ಬೊಡ್ಡೆ, ಅದರಿಂದ ಸಂಗೀತದ ಟೊಂಗೆ, ಅದರಿಂದ ಜನಪದ ಹಾಡಿನ ರೆಂಬೆ. ಬಲಗಡೆ ಊರುಗಳ ಮರ: ರಾಜ್ಯ, ಅದರ ಕೆಳಗೆ ಜಿಲ್ಲೆ, ತಾಲ್ಲೂಕು, ತುದಿಗೆ ಹಳ್ಳಿ. ಒಂದೇ ಪುಸ್ತಕಕ್ಕೆ ಎರಡೂ ಕಡೆ ಕಾರ್ಡು. ಜನ ಆಡುವ ಮಾತಿಗೂ ಕಾರ್ಡು ಬರೆದಿದ್ದರು: "ದನ: ಪಶುಸಂಗೋಪನೆ ನೋಡಿ." ಎತ್ತಿಗೆ ಕಾಲುಬೇನೆ ಬಂದವನು ಪಶುಸಂಗೋಪನೆ ಎನ್ನುತ್ತ ಬರುತ್ತಾನೆಯೆ? ಆ ಕಾಲದಲ್ಲಿ ನನ್ನ ಮುಂದೆ ನಿಂತವರು ಬರಿಗೈಯಲ್ಲಿ ಹೋದದ್ದು ಕಡಿಮೆ.

ಅವರು ನಿವೃತ್ತರಾದ ಮೇಲೆ ಸುಧಾಕರ ಕಟ್ಟಿಮನಿ ಬಂದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನಿಯಮದ ಮನುಷ್ಯ. "ಒಂದ ಪುಸ್ತಕಕ್ಕ ಒಂದ ಜಾಗಾ, ಹುಸೇನಸಾಬ" ಎಂದು ಜವಾನನಿಗೆ ಹೇಳಿ, "ನೋಡಿ" ಕಾರ್ಡುಗಳನ್ನೆಲ್ಲ ಕಿತ್ತು ಬುಟ್ಟಿಗೆ ಹಾಕಿಸಿದ. ಒಂದು ಊರಿಗೆ ಸೇರಿದ ಪುಸ್ತಕಗಳಿಗೆ, ಅವು ಹಾಡಿನವಾದರೂ, ಊರಿನ ಕಡೆಯ ಕಾರ್ಡು ಮಾತ್ರ ಉಳಿಯಿತು. ಮುಂದೆ ಜಿಲ್ಲೆ ಒಡೆದು ಎರಡಾಯಿತು. ಸರಕಾರ ಒಂದು ಗೆರೆ ಎಳೆಯಿತು, ಬೇಸಿಗೆಯಿಡೀ ನನ್ನ ಕರುಳು ಕಿತ್ತು ಜೋಡಿಸಿದರು.

ಆಮೇಲೆ ಅಣೆಕಟ್ಟು ಬಂತು. ಹಿನ್ನೀರಿನಲ್ಲಿ ಹೊಳೆಬಸಾಪುರ ಎಂಬ ಹಳ್ಳಿ ಮುಳುಗಿತು. ಕಟ್ಟಿಮನಿ ಆ ಊರಿನ ಕಾರ್ಡು ಕಿತ್ತು ಕೈಗೆ ತೆಗೆದುಕೊಂಡ.

"ಸರಕಾರದ ಪಟ್ಟಿಯಾಗ ಈ ಊರ ಇಲ್ಲ. ಇಲ್ಲದ ಊರನ್ನ ತಾಲ್ಲೂಕಿನ ಕೆಳಗ ಹೆಂಗ ಇಡೂದು?"

"ಹಂಗಂತ ಹೊಳಿಗೆ ಒಗ್ಯಾಕ ಬರತೈತೇನ್ರಿ?" ಎಂದ ಹುಸೇನಸಾಬ.

"ನೀರಾಗ ಐತಲ್ಲ... ನೀರಾವರಿ ಕೆಳಗ ಇಡು. ಅಣೆಕಟ್ಟು, ಅದರ ಕೆಳಗ ಮುಳುಗಡೆ."

ಹೀಗೆ ಆ ಊರಿನ ಒಂದೇ ಒಂದು ಪುಸ್ತಕ, ಅಲ್ಲಿನ ಶಾಲೆಯ ಮಾಸ್ತರರು ಬರೆದುಕೊಂಡು ಅಚ್ಚು ಹಾಕಿಸಿದ್ದ ಬೀಸುಕಲ್ಲಿನ ಪದಗಳ ಸಂಗ್ರಹ, ಸಿಮೆಂಟು ಮತ್ತು ಕಾಲುವೆಯ ವರದಿಗಳ ನಡುವೆ ಹೋಗಿ ಕುಳಿತಿತು. ಅದನ್ನು ತೆರೆದು ಒಂದು ಪುಟ ನೋಡುವ ಮನಸ್ಸು ಆ ಪುಣ್ಯಾತ್ಮನಿಗೆ ಬರಲಿಲ್ಲ.

ಕೆಲವು ವರ್ಷಗಳ ಬಳಿಕ ನೀಲವ್ವ ತಳವಾರ ಬಂದಳು. ಹೊಳೆಬಸಾಪುರದವಳು, ಈಗ ಪುನರ್ವಸತಿ ಬಡಾವಣೆಯಲ್ಲಿ ಮನೆ. ಮಗಳು ರೇಣವ್ವಳ ಮದುವೆ ಗೊತ್ತಾಗಿತ್ತು. ಅವರ ಊರಲ್ಲಿ ಮದುಮಗಳ ಅರಿಷಿಣ ಬೀಸುವಾಗ ತಾಯಿ ಪದ ಎತ್ತಿಕೊಳ್ಳಬೇಕು, ಪದ ಮುಗಿಯುವ ತನಕ ಕಲ್ಲು ನಿಲ್ಲಬಾರದು.

"ನಮ್ಮವ್ವ ಹಾಡತಿದ್ಳ್ರೀ ಸರ್. ನನಗ ಮೊದಲಿಂದಷ್ಟ ನೆನಪೈತಿ. ಮಾಸ್ತರ ಬುಕ್ಕಿನ್ಯಾಗ ಪೂರಾ ಐತಂತ" ಎಂದು, ಕೇಳದಿದ್ದರೂ ಹಾಡಿಯೇ ಬಿಟ್ಟಳು:

"ಹೊಳಿದಂಡಿ ಬಸವಣ್ಣ ಹೊಳ್ಳಿ ನೋಡೊ ಒಮ್ಮಿ,
ಅರಿಷಿಣದ ಕೈಯ ನನ ಮಗಳು..."

ಅಲ್ಲಿಗೆ ನಿಂತಿತು. ನನ್ನ ಖಾನೆಗಳೆಲ್ಲ ತಾವಾಗಿಯೇ ತೆರೆದುಕೊಂಡರೆ ಎಷ್ಟು ಚೆನ್ನಾಗಿತ್ತು ಅನಿಸಿತು. ಕಟ್ಟಿಮನಿ ಜನಪದ ಹಾಡಿನ ಖಾನೆ ತೆಗೆದ, ಇಲ್ಲ. ಊರಿನ ಖಾನೆ ತೆಗೆದ, ಇಲ್ಲ.

"ಆ ಹೆಸರಿನ ಊರ ಇಲ್ಲಬೇ ಯವ್ವಾ."

"ಊರ ಇಲ್ಲಂದ್ರ ನಾ ಎಲ್ಲಿ ಹುಟ್ಟೀನ್ರೀ?"

ಅವನು ಖಾನೆ ಮುಚ್ಚಿದ. ಅಷ್ಟೊಂದು ಕಾರ್ಡು ಕಿತ್ತು ಜೋಡಿಸಿದವನಿಗೆ ಒಂದು ಕಾರ್ಡಿನ ನೆನಪು ಎಲ್ಲಿಂದ ಬರಬೇಕು?

ಮುಂದಿನ ವಾರ ಮಗಳನ್ನು ಕರೆದುಕೊಂಡು ಮತ್ತೆ ಬಂದಳು. "ಸಾಕ್ ಬಿಡಬೇ, ಡೀಜೇ ಹಚ್ಚೂಣು" ಎನ್ನುತ್ತಲೇ ರೇಣವ್ವ ಖಾನೆ ಎಳೆದೆಳೆದು ಓದಿದಳು. ಓದುತ್ತ ಓದುತ್ತ ನೀರಾವರಿಗೆ ಬಂದಳು. ಕಾಲುವೆ ದಾಟಿದಳು. ಅಣೆಕಟ್ಟು ದಾಟಿದಳು. ಇನ್ನು ಎರಡು ಕಾರ್ಡು, ಇನ್ನೆರಡೇ!

"ತಂಗಿ, ಅದು ನೀರಾವರಿ. ಪದ ಅಲ್ಲ್ಯಾಕ ಇರತಾವ?" ಎಂದ ಕಟ್ಟಿಮನಿ ಕುರ್ಚಿಯಿಂದಲೇ.

ಅವಳು ನಾಚಿ ಖಾನೆ ಮುಚ್ಚಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ದಿನದ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಬಡಿಗೇರರು ಎಲ್ಲ ಕೊಟ್ಟರು, ಬಾಯಿ ಒಂದು ಕೊಡಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ನನ್ನ ಕಾರ್ಡುಗಳು ರದ್ದಿಗೆ ಹೋದವು, ನಾನು ಹಿತ್ತಲ ವರಾಂಡಕ್ಕೆ ಬಂದೆ, ಮುರಿದ ಕುರ್ಚಿಗಳ ಪಕ್ಕಕ್ಕೆ. ಕಂಪ್ಯೂಟರಿಗೆ ಏರಿಸಲು ಒಂದೊಂದೇ ಪುಸ್ತಕ ತೆಗೆಯುವಾಗ ಕಟ್ಟಿಮನಿಯ ಕೈಗೆ ವರದಿಗಳ ನಡುವಿನ ಆ ಪುಸ್ತಕ ಸಿಕ್ಕಿತು. ಈ ಸಲ ತೆರೆದು ನೋಡಿದ್ದು ಕಿಟಕಿಯಿಂದ ನನಗೂ ಕಂಡಿತು. ಅಲ್ಲೇ ನಿಂತು ಓದಿ, ಮೋಟಾರ್‌ಸೈಕಲ್ ಹತ್ತಿ ಪುನರ್ವಸತಿಗೆ ಹೋದ. ಸಂಜೆ ಅದೇ ಪುಸ್ತಕ ಹಿಡಿದು ವರಾಂಡಕ್ಕೆ ಬಂದ. ಹುಸೇನಸಾಬ ಎದ್ದು ನಿಂತ.

"ನೀಲವ್ವ ತಗೊಳ್ಳಲಿಲ್ಲೇನ್ರಿ?"

"ಮಗಳ ಮದವಿ ಆಗಿ ಆರು ತಿಂಗಳಾತಂತ. ಅವೇ ಎರಡು ಸಾಲು ತಿರುಗಾಮುರುಗಾ ಹಾಡಿ ಅರಿಷಿಣ ಬೀಸ್ಯಾರ." ಅವನ ದನಿ ಸಣ್ಣದಾಗಿತ್ತು. "ಪೂರಾ ಓದಿ ಹೇಳಿದೆ. ಕಣ್ಣ ಮುಚ್ಚಿ ಕೇಳಿದ್ಳು. ಆಮೇಲೆ, 'ಇನ್ನ ಯಾರಿಗೆ ಹಾಡ್ಲ್ರೀ? ಅಲ್ಲೇ ಇಡ್ರಿ. ಆದ್ರ ನಮ್ಮೂರ ಹೆಸರಿನ ಕೆಳಗ ಇಡ್ರಿ' ಅಂದ್ಳು."

ಒಳಗೆ ಹೋಗಿ ಅವನು ಕಂಪ್ಯೂಟರಿನಲ್ಲಿ ಊರು ಸೇರಿಸಲು ನೋಡಿದ. ಊರುಗಳ ಪಟ್ಟಿ ಮೇಲಿನ ಕಚೇರಿಯಿಂದ ಬಂದದ್ದು, ಹೊಸ ಹೆಸರನ್ನು ಅದು ಒಳಗೆ ಬಿಟ್ಟುಕೊಳ್ಳಲಿಲ್ಲ. ಮತ್ತೆ ಮತ್ತೆ ಒತ್ತಿದ ಸದ್ದು ವರಾಂಡಕ್ಕೂ ಕೇಳಿಸಿತು. ಕೊನೆಗೆ ಹೊರಗೆ ಬಂದು, ನನ್ನ ಮೇಲಿನ ದೂಳು ಅಂಗೈಯಿಂದ ಒರೆಸಿ, ಒಂದು ಕಾರ್ಡಿನ ಮೇಲೆ ದುಂಡಗೆ ಬರೆದ: ರಾಜ್ಯ, ಜಿಲ್ಲೆ, ತಾಲ್ಲೂಕು, ಹೊಳೆಬಸಾಪುರ. ಬಲಗಡೆಯ ಖಾನೆ ಎಳೆದು ಅದರಲ್ಲಿಟ್ಟ.

ನನ್ನೊಳಗೆ ಈಗ ಇರುವುದು ಅದೊಂದೇ ಕಾರ್ಡು. ಇರಬೇಕಾದ ಜಾಗದಲ್ಲಿಯೇ ಇದೆ. ಈ ವರಾಂಡಕ್ಕೆ ಪುಸ್ತಕ ಹುಡುಕಿಕೊಂಡು ಯಾರೂ ಬರುವುದಿಲ್ಲ.