ಏಳನೆಯ ಕಲಮು ಮತ್ತು ರೋಸ್ವಿಟಾಳ ಮಂಡಿ

ನಮ್ಮ ಊರಿನ ಸಂಘದ ಹೆಸರು ಕಾಲು-ಚಕ್ರ-ನದಿ ಮಿತ್ರಮಂಡಳಿ. ಹತ್ತೊಂಬತ್ತು ವರ್ಷದಿಂದ ಅದರ ಕಾರ್ಯದರ್ಶಿ ನಾನು, ಹನೆಲೋರೆ. ಗಂಡ ತೀರಿಕೊಂಡ ಮೇಲೆ ಸಂಜೆಗಳು ಸಾಗದೆ ಈ ಕೆಲಸಕ್ಕೆ ಒಪ್ಪಿಕೊಂಡೆ. ಕೆಲಸವೆಂದರೆ ಸಭೆಯ ನಡಾವಳಿ ಬರೆಯುವುದು. ಯಾರು ಏನು ಹೇಳಿದರು, ಯಾರು ಕೈ ಎತ್ತಿದರು, ಸಭೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಮುಗಿಯಿತು, ಎಲ್ಲವೂ ಅದರಲ್ಲಿರಬೇಕು. ನಾವು ಹನ್ನೆರಡು ಜನ ಒಟ್ಟಿಗೆ ಕೂತು ಕಾಫಿ ಕುಡಿದರೂ ಅದಕ್ಕೊಂದು ನಡಾವಳಿ ಇರುತ್ತದೆ.

ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ವಾರ ನಮ್ಮ ಪ್ರವಾಸ. ಒಂದು ಹಡಗನ್ನು ಬಾಡಿಗೆಗೆ ಹಿಡಿಯುತ್ತೇವೆ. ರಾತ್ರಿ ಅದರಲ್ಲಿ ಮಲಗುತ್ತೇವೆ, ಬೆಳಿಗ್ಗೆ ಬ್ರೆಡ್ಡು ಮೊಟ್ಟೆ ತಿಂದು ಸೈಕಲ್ ಇಳಿಸಿಕೊಂಡು ದಡದಗುಂಟ ತುಳಿಯುತ್ತೇವೆ. ದಾರಿಯಲ್ಲಿ ಒಂದು ಗುಡ್ಡವನ್ನು ಕಾಲ್ನಡಿಗೆಯಲ್ಲಿ ಹತ್ತಿ, ತುದಿಯಲ್ಲಿ ಪೆಟ್ಟಿಗೆಯೊಳಗೆ ಇಟ್ಟಿರುವ ಮುದ್ರೆಯನ್ನು ನಮ್ಮ ಪುಸ್ತಕಕ್ಕೆ ಒತ್ತಿಕೊಂಡು, ಇಳಿದು ಮತ್ತೆ ಸೈಕಲ್ ತುಳಿದು ಸಂಜೆಗೆ ಮುಂದಿನ ಊರಿನಲ್ಲಿ ಹಡಗು ಸೇರುತ್ತೇವೆ. ಅಷ್ಟು ಹೊತ್ತು ಹಡಗು ನಮ್ಮ ಖಾಲಿ ಹಾಸಿಗೆಗಳನ್ನು ಹೊತ್ತುಕೊಂಡು ಆರಾಮಾಗಿ ತೇಲಿ ಬಂದಿರುತ್ತದೆ. ಕೊನೆಯ ದಿನ ಮಾತ್ರ ನಾವೂ ಅದರಲ್ಲಿ ಕೂತು ಹೋಗಬಹುದು. ಉಳಿದ ದಿನಗಳಲ್ಲಿ, ದುಡ್ಡು ಕೊಟ್ಟು ಹಿಡಿದ ಹಡಗಿನಲ್ಲಿ ಪ್ರಯಾಣ ಮಾಡಿದರೆ ಅಪರಾಧ.

ಅದು ಏಳನೆಯ ಕಲಮು. ಪ್ರವಾಸದ ಯಾವುದೇ ಹಂತವನ್ನು ಸ್ವಂತ ಬಲದಿಂದಲ್ಲದೆ ಬೇರೆ ರೀತಿಯಲ್ಲಿ ಕ್ರಮಿಸಿದ ಸದಸ್ಯರು, ಕಾರಣ ಯಾವುದೇ ಇರಲಿ, ಆ ಕ್ಷಣದಿಂದ ನಿಷ್ಕ್ರಿಯ ಸದಸ್ಯರಾಗುತ್ತಾರೆ. ನಿಷ್ಕ್ರಿಯರಿಗೆ ಓಟಿಲ್ಲ, ಮುಂದಿನ ಪ್ರವಾಸಗಳೂ ಇಲ್ಲ. ಶರತ್ಕಾಲದ ಕೂಟದಲ್ಲಿ ಬಂದು ತಟ್ಟೆ ತೊಳೆಯಬಹುದು. 'ಕಾರಣ ಯಾವುದೇ ಇರಲಿ' ಎಂಬ ಮಾತನ್ನು ಆಮೇಲೆ ಸೇರಿಸಿದ್ದು ನಮ್ಮ ಅಧ್ಯಕ್ಷ ಎಗೊನ್ ಬ್ಯೂರ್ಲೆ. ಒಬ್ಬ ಸದಸ್ಯನಿಗೆ ದಾರಿಯಲ್ಲಿ ಅಪೆಂಡಿಸೈಟಿಸ್ ಆಗಿ ಆಂಬುಲೆನ್ಸಿನಲ್ಲಿ ಒಯ್ಯಬೇಕಾಯಿತು. ಆಂಬುಲೆನ್ಸು ಸ್ವಂತ ಬಲವಲ್ಲ ಎಂದು ಎಗೊನ್ ಪಟ್ಟು ಹಿಡಿದ. ಆ ಸದಸ್ಯ ಬದುಕಿಕೊಂಡ, ತಟ್ಟೆ ತೊಳೆದ, ಆಮೇಲೆ ಚದುರಂಗದ ಸಂಘಕ್ಕೆ ಸೇರಿಕೊಂಡ.

ಎಗೊನ್ ಭೂಮಾಪನ ಇಲಾಖೆಯಿಂದ ನಿವೃತ್ತನಾದವನು. ಎಪ್ಪತ್ತೊಂದು ವರ್ಷ. ಇಪ್ಪತ್ತನಾಲ್ಕು ಪ್ರವಾಸಗಳಲ್ಲಿ ಒಂದೇ ಒಂದು ಹಂತ ತಪ್ಪಿಸಿಲ್ಲ ಎಂಬುದನ್ನು ಅವನು ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೂ ಹೇಳಬಲ್ಲ. ಅವನ ಹೆಂಡತಿ ರೋಸ್ವಿಟಾ ಕೂಡ ಒಂದು ಹಂತ ತಪ್ಪಿಸಿಲ್ಲ, ಆದರೆ ಅದನ್ನು ಯಾರೂ ಹೇಳುವುದಿಲ್ಲ. ಅವಳು ನನ್ನ ಗೆಳತಿ. ಎಗೊನ್‌ನ ಮನೆಯಲ್ಲಿ ಯಾವ ಕೋಣೆಯ ಕಿಟಕಿಯನ್ನು ಎಷ್ಟು ಹೊತ್ತಿಗೆ ಎಷ್ಟು ನಿಮಿಷ ತೆರೆಯಬೇಕು ಎಂಬುದಕ್ಕೂ ಗೋಡೆಯ ಮೇಲೆ ಒಂದು ಪಟ್ಟಿ ಇದೆ. "ಈ ಒಂದು ವಾರ ಇಲ್ದೇ ಹೋದ್ರೆ ಉಳಿದ ಐವತ್ತೊಂದು ವಾರ ಹೇಗೆ ಕಳೀಲಿ ಹೇಳು," ಎಂದು ಅವಳು ಒಮ್ಮೆ ನನ್ನ ಹತ್ತಿರ ಹೇಳಿದ್ದಳು.

ಈ ಸಲ ನಾವು ಮೋಸೆಲ್ ನದಿಗೆ ಹೋಗಿದ್ದೆವು. ಮಾರ್ಚಿನಿಂದಲೇ ರೋಸ್ವಿಟಾಳ ಎಡ ಮಂಡಿ ಕೆಟ್ಟಿತ್ತು. ಮೊದಲ ಮೂರು ಹಂತಗಳನ್ನು ಹಲ್ಲು ಕಚ್ಚಿಕೊಂಡು ಮುಗಿಸಿದಳು. ನಾಲ್ಕನೆಯದು ಝೆಲ್ ಊರಿನಿಂದ ಕೊಕೆಮ್‌ಗೆ, ನಡುವೆ ಕಾಲ್‌ಮಾಂಟ್ ಗುಡ್ಡ. ಗೋಡೆಯ ಹಾಗೆ ನಿಂತ ದ್ರಾಕ್ಷಿತೋಟಗಳ ನಡುವೆ, ಕಬ್ಬಿಣದ ಏಣಿಗಳನ್ನು ಹಿಡಿದುಕೊಂಡು ಹತ್ತಬೇಕು. ಹಿಂದಿನ ಸಂಜೆ ಅವಳು ನಿಯಮದ ಪ್ರಕಾರವೇ, ಕೈಬರಹದಲ್ಲಿ, ಅಧ್ಯಕ್ಷರಿಗೆ ಮನವಿ ಕೊಟ್ಟಳು. ಅಧ್ಯಕ್ಷರು ಅವಳ ಪಕ್ಕದ ಹಾಸಿಗೆಯಲ್ಲೇ ಮಲಗುವವರು. ಈ ಒಂದು ಹಂತಕ್ಕೆ ಮಾತ್ರ ಹಡಗಿನಲ್ಲಿ ಕೂರಲು ಬಿಡಿ, ಸಕ್ರಿಯ ಸದಸ್ಯತ್ವ ಉಳಿಸಿಕೊಡಿ, ಅಷ್ಟೇ ಇತ್ತು ಅದರಲ್ಲಿ.

ಬೆಳಿಗ್ಗೆ ಎಂಟಕ್ಕೆ ಹಡಗಿನ ಊಟದ ಕೋಣೆಯಲ್ಲಿ ವಿಶೇಷ ಸಭೆ ಸೇರಿತು. ಹಡಗಿನ ಯಜಮಾನ ಶೂರ್ಡ್ ಎಂಬ ಡಚ್ಚರವನು ಮೊದಲೇ ಹೇಳಿದ್ದ: "ಒಂಬತ್ತೂವರೆಗೆ ಹಗ್ಗ ಬಿಚ್ತೀನಿ. ಕೆಳಗಿನ ನೀರುಬಾಗಿಲಿಗೆ ಹೇಳಿಟ್ಟಿದೀನಿ, ಅವರು ಕಾಯಲ್ಲ." ಎಗೊನ್ ಗಡಿಯಾರ ನೋಡಿ ಒಂದೂವರೆ ಗಂಟೆ ಧಾರಾಳ ಎಂದ.

"ಮನವಿ ಯಾರದ್ದೋ ಅವರು ಹೊರಗಿರಬೇಕು," ಎಂದು ಎಗೊನ್ ಶುರುಮಾಡಿದ. "ಮೂರನೇ ಕಲಮು."

"ಅವರ ಗಂಡನೂ ಹೊರಗಿರಬೇಕಲ್ವ ಹಾಗಾದ್ರೆ?" ಎಂದು ಕೇಳಿದವನು ಗುಂಟ್ರಾಮ್, ನಿವೃತ್ತ ಮೇಷ್ಟ್ರು.

"ಇಲ್ಲಿ ನಾನು ಗಂಡ ಅಲ್ಲ, ಅಧ್ಯಕ್ಷ."

ರೋಸ್ವಿಟಾ ಎದ್ದು ಕುಂಟುತ್ತ ಹೊರಗೆ ಹೋದಳು. ಬಾಗಿಲು ಹಾಕಿಕೊಂಡೆವು. ಗುಂಟ್ರಾಮ್ ಗುಪ್ತ ಮತದಾನ ಬೇಕೆಂದ. ಬೇಕೋ ಬೇಡವೋ ಎಂದು ತೀರ್ಮಾನಿಸಲು ಮತ ಹಾಕಬೇಕಾಯಿತು. ಆ ಮತ ಗುಪ್ತವೋ ಬಹಿರಂಗವೋ ಎಂದು ಇಪ್ಪತ್ತು ನಿಮಿಷ ಚರ್ಚೆಯಾಯಿತು. ಮಂಡಿ ಸ್ವಂತ ಬಲದ ಭಾಗವೇ ಎಂದು ಒಬ್ಬರು ಕೇಳಿದರು. ಕೋಣೆಯ ನೆಲ ನೀರಿನ ಮಟ್ಟಕ್ಕೂ ಕೆಳಗಿತ್ತು, ಕಿಟಕಿಗಳಿಗೆ ಪರದೆ ಎಳೆದಿತ್ತು, ಎಂಜಿನು ಬೆಳಗಿನಿಂದಲೂ ಗುಂಯ್ ಎನ್ನುತ್ತಲೇ ಇತ್ತು. ಒಂಬತ್ತೂ ಇಪ್ಪತ್ತೈದಕ್ಕೆ ಶೂರ್ಡ್ ಬಾಗಿಲು ತಟ್ಟಿ, "ಇನ್ನೈದು ನಿಮಿಷ, ಇಳಿಯೋರು ಇಳೀರಿ," ಎಂದ.

"ಮತದಾನದ ವೇಳೆ ಬಾಗಿಲು ತೆರೆಯೋ ಹಾಗಿಲ್ಲ," ಎಂದು ಎಗೊನ್ ಒಳಗಿನಿಂದಲೇ ಕೂಗಿದ. "ಕಾಯಿರಿ."

ಶೂರ್ಡ್ ಮೆಟ್ಟಿಲು ಹತ್ತಿ ಹೋದ ಸದ್ದು ಕೇಳಿಸಿತು. ಅವನು ಹೇಳುವುದನ್ನು ಹೇಳಿ ಆಗಿತ್ತು.

ಮನವಿಯ ವಿರುದ್ಧ ಯಾರು ಎಂದಾಗ ಎಗೊನ್ ಮೊದಲು ಕೈ ಎತ್ತಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು. ನಾನೂ ಎತ್ತಿದೆ. ಎಲ್ಲರೂ ಎತ್ತಿದಾಗ ಒಬ್ಬಳೇ ಕೈ ಕೆಳಗಿಟ್ಟುಕೊಂಡಿರಲು ಬೇಕಾದ ಧೈರ್ಯ ನನಗಿರಲಿಲ್ಲ, ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಹನ್ನೊಂದು ಕೈಗಳನ್ನು ಎಗೊನ್ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಎಣಿಸಿದ. ಒಂಬತ್ತೂ ಐವತ್ತೆರಡಕ್ಕೆ ಸಭೆ ಮುಗಿಯಿತು.

ಬಾಗಿಲು ತೆಗೆದು ಮೇಲೆ ಬಂದರೆ ಝೆಲ್ ಊರು ಇರಲಿಲ್ಲ. ಎರಡೂ ಕಡೆ ದ್ರಾಕ್ಷಿತೋಟಗಳು ಹಿಂದಕ್ಕೆ ಸರಿಯುತ್ತಿದ್ದವು. ನಾವೆಲ್ಲ ಹೆಲ್ಮೆಟ್ಟು ಕೈಗವಸು ಹಾಕಿಕೊಂಡು ಬೆಪ್ಪಾಗಿ ನಿಂತೆವು. ಮೊದಲು ಮಾತಾಡಿದವನು ಗುಂಟ್ರಾಮ್.

"ನಾವು ಕ್ರಮಿಸ್ತಾ ಇದೀವಿ," ಎಂದ. "ಸ್ವಂತ ಬಲ ಇಲ್ದೆ."

ಎಗೊನ್ ಹಡಗು ನಡೆಸುವ ಕೋಣೆಗೆ ಓಡಿದ. "ಹಿಂದಕ್ಕೆ ತಿರುಗಿಸಿ."

"ಹೇಳಿದ್ದೆನಲ್ಲ ಸ್ವಾಮಿ."

"ದಡಕ್ಕಾದ್ರೂ ಹಚ್ಚಿ."

"ಇಲ್ಲಿ ಹಚ್ಚೋಕೆ ಜಾಗ ಎಲ್ಲಿದೆ? ಕೊಕೆಮ್‌ನಲ್ಲಿ ಇಳೀಬಹುದು. ಅಲ್ಲೀವರೆಗೂ ಕಾಫಿ ಕುಡೀರಿ, ಬಿಸಿಲು ಚೆನ್ನಾಗಿದೆ."

ಹತ್ತೂ ಇಪ್ಪತ್ತಕ್ಕೆ, ಹಡಗುಗಳನ್ನು ನದಿಯ ಕೆಳಮಟ್ಟಕ್ಕೆ ಇಳಿಸಿಕೊಡುವ ನೀರುಬಾಗಿಲು ಬಂತು. ಎರಡು ಗೇಟುಗಳ ನಡುವೆ ನಿಂತ ಹಡಗು ನೀರಿನೊಂದಿಗೆ ಕೆಳಗಿಳಿಯತೊಡಗಿದಾಗ ಎಗೊನ್ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಗೋಡೆಯ ಏಣಿಗೆ ಕೈಹಾಕಿದ. ಮೇಲಿನ ಧ್ವನಿವರ್ಧಕದಿಂದ ಒಂದು ಹೆಂಗಸು, "ಏಣಿ ಹತ್ತಬಾರದು, ಕೆಂಪು ಹೆಲ್ಮೆಟ್ಟಿನ ಅಜ್ಜ, ಕೆಳಗಿಳೀರಿ," ಎಂದಳು. ಫಲಕದಲ್ಲಿ ಹಾಗೇ ಬರೆದಿತ್ತು. ಫಲಕದಲ್ಲಿ ಬರೆದದ್ದನ್ನು ಎಗೊನ್ ಜೀವಮಾನದಲ್ಲಿ ಮೀರಿದವನಲ್ಲ. ಇಳಿದ.

ಆಮೇಲೆ ಅವನು ಮಾಡಿದ್ದನ್ನು ನೋಡಿರದಿದ್ದರೆ ನಾನೂ ನಂಬುತ್ತಿರಲಿಲ್ಲ. ಹಡಗಿನ ಮೇಲೆ ಸೈಕಲ್ಲನ್ನು ಎರಡು ಪೆಟ್ಟಿಗೆಗಳ ನಡುವೆ ಸಿಕ್ಕಿಸಿ, ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುವ ಹಾಗೆ ಮಾಡಿ, ಹತ್ತಿ ಕೂತು ತುಳಿಯತೊಡಗಿದ. ಕೊಕೆಮ್‌ವರೆಗಿನ ದೂರವನ್ನು ತುಳಿದೇ ತೀರಿಸುತ್ತೇನೆ ಎಂದ. ಚಕ್ರ ತಿರುಗುತ್ತಿತ್ತು, ಬೆವರು ಹರಿಯುತ್ತಿತ್ತು, ಹಡಗು ತನ್ನ ಪಾಡಿಗೆ ತಾನು ಹೋಗುತ್ತಿತ್ತು. ದಡದಲ್ಲಿ ಮಕ್ಕಳು ಕೈಬೀಸಿದರು.

"ಗುಡ್ಡ ಹೇಗೆ ಹತ್ತುತ್ತೀಯ?" ಎಂದು ಗುಂಟ್ರಾಮ್ ಕೇಳಿದ.

"ಮೆಟ್ಟಿಲಿದೆಯಲ್ಲ ಹಡಗಿನಲ್ಲಿ. ಇನ್ನೂರು ಸಲ ಹತ್ತಿ ಇಳೀತೀನಿ."

"ಅದು ನಡೆಯುತ್ತೆ ಅಂತ ತೀರ್ಮಾನ ಮಾಡೋರು ಯಾರು? ಸಕ್ರಿಯ ಸದಸ್ಯರು ಓಟು ಹಾಕ್ಬೇಕು. ನಮ್ಮಲ್ಲಿ ಸಕ್ರಿಯರು ಯಾರಿದಾರೆ?"

ಎಗೊನ್ ತುಳಿಯುವುದನ್ನು ನಿಲ್ಲಿಸಿದ. ಸುತ್ತ ನೋಡಿದ. ಸೈಕಲ್‌ಗಳನ್ನು ನಿಲ್ಲಿಸಿದ್ದ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಆಗ ಹನ್ನೊಂದೂ ಹತ್ತು. ಹೆಂಡತಿ ಹಡಗಿನಲ್ಲಿಲ್ಲ ಎಂಬುದು ಗಮನಕ್ಕೆ ಬರಲು ಅವನಿಗೆ ಹಡಗು ಹೊರಟು ಒಂದು ಗಂಟೆ ನಲವತ್ತು ನಿಮಿಷ ಬೇಕಾಯಿತು.

"ಆ ಅಮ್ಮ ಎಂಟೂ ಕಾಲಿಗೇ ಇಳಿದು ಹೋದ್ರಲ್ಲ," ಎಂದ ಶೂರ್ಡ್. "ನಾನೇ ಸೈಕಲ್ ಇಳಿಸಿಕೊಟ್ಟೆ. ನಿಧಾನ ಆಗುತ್ತೆ, ಬೇಗ ಹೊರಡ್ತೀನಿ ಅಂದ್ರು. ತೀರ್ಮಾನ ಏನಾಗುತ್ತೆ ಅಂತ ಅವರಿಗೆ ಗೊತ್ತಿತ್ತು ಅನ್ಸುತ್ತೆ."

ಫೋನು ಮಾಡಿದರೆ ಅವಳ ಫೋನು ಕೆಳಗೆ ಅವಳ ಕೋಣೆಯಲ್ಲೇ ಬಡಿದುಕೊಂಡಿತು. ನಾನು ಎಗೊನ್‌ನ ತೋಳು ಹಿಡಿದೆ. "ಆ ಮಂಡಿ ಇಟ್ಕೊಂಡು ಏಣಿ ಹತ್ತೋಕೆ ಹೋಗಿದಾಳೆ, ಎಗೊನ್. ಬಿದ್ದುಗಿದ್ದರೆ?"

"ಬಿದ್ರೆ ಹಂತ ಪೂರ್ತಿ ಆಗಲ್ಲ," ಎಂದ ಎಗೊನ್. ಆಮೇಲೆ ಆ ಮಾತು ಅವನಿಗೇ ಕೇಳಿಸಿರಬೇಕು, ಮುಖ ಬಿಳಿಚಿಕೊಂಡಿತು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನು ಅವನನ್ನು ದ್ವೇಷಿಸಿದ್ದು ಅದೊಂದೇ ಕ್ಷಣ.

ಮಧ್ಯಾಹ್ನದ ಹೊತ್ತಿಗೇ ನಾವು ಕೊಕೆಮ್‌ನಲ್ಲಿದ್ದೆವು. ಯಾರೂ ಊರು ನೋಡಲು ಹೋಗಲಿಲ್ಲ. ಆಲೂಗಡ್ಡೆ ಸೂಪನ್ನು ಮುಂದಿಟ್ಟುಕೊಂಡು ದಡದ ದಾರಿಯನ್ನೇ ನೋಡುತ್ತ ಕೂತೆವು. ಎಗೊನ್ ಎರಡು ಸಲ ಎದ್ದು ನದಿಯಗುಂಟ ಹಿಂದಕ್ಕೆ ನಡೆದು, ಎರಡು ಸಲ ವಾಪಸು ಬಂದ.

ಸಂಜೆ ಆರೂ ನಲವತ್ತಕ್ಕೆ ಅವಳು ಬಂದಳು. ಬಿಸಿಲು ಇನ್ನೂ ಇತ್ತು. ಸೈಕಲ್ ತಳ್ಳಿಕೊಂಡು, ಮೊಣಕೈ ತರಚಿ, ಪ್ಯಾಂಟಿಗೆಲ್ಲ ಕಲ್ಲುಪುಡಿ ಮೆತ್ತಿಕೊಂಡು, ಎಡ ಮಂಡಿ ಕುಂಬಳಕಾಯಿಯಷ್ಟು ಊದಿಸಿಕೊಂಡು ಬಂದಳು. ನನಗೆ ಅಳು ಬಂತು. ಊಟದ ಕೋಣೆಗೆ ಇಳಿದು ಮುದ್ರೆಯ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಎಗೊನ್ ಕನ್ನಡಕ ಸರಿಮಾಡಿಕೊಂಡು ಮೊದಲು ಮುದ್ರೆ ನೋಡಿದ, ಆಮೇಲೆ ಮಂಡಿ ನೋಡಿದ.

"ತೋಟದವರ ಹಳಿಗಾಡಿ ಹತ್ತಿಲ್ಲ ತಾನೆ?" ಎಂದು ಕೇಳಿದ. ದ್ರಾಕ್ಷಿ ಹೊರಲು ಆ ಗುಡ್ಡದಲ್ಲಿ ಒಂಟಿ ಹಳಿಯ ಪುಟ್ಟ ಗಾಡಿ ಓಡಾಡುತ್ತದೆ.

"ತೋಟದವನು ಕರೆದ. ಕೂತ್ಕೊಳ್ಳಮ್ಮ ಅಂತ ಎರಡು ಸಲ ಕರೆದ. ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ. ಆದ್ರೆ ಹತ್ತಲಿಲ್ಲ." ಅವಳು ಒಂದು ಲೋಟ ನೀರು ಕುಡಿದಳು. "ಇಪ್ಪತ್ನಾಲ್ಕು ವರ್ಷ ನಿನ್ನ ಹಿಂದಿನ ಚಕ್ರ ನೋಡ್ಕೊಂಡು ಬಂದೆ ಎಗೊನ್. ಇವತ್ತು ನದಿ ನೋಡಿದೆ. ನೀವೆಲ್ಲ ಯಾಕೆ ದಾರೀಲಿ ಸಿಗಲಿಲ್ಲ?"

ಕೊನೆಗೆ ನಾನೇ ಹೇಳಿದೆ. ಎಲ್ಲವನ್ನೂ ಹೇಳಿದೆ, ಸೈಕಲ್ ತುಳಿದದ್ದನ್ನೂ ಬಿಡಲಿಲ್ಲ. ಅವಳು ನಗಲಿಲ್ಲ.

"ಬೆಳಗಿನ ನಡಾವಳಿ ಓದು, ಹನೆಲೋರೆ."

ಓದಿದೆ. ಮನವಿಯ ಪರ ಸೊನ್ನೆ, ವಿರುದ್ಧ ಹನ್ನೊಂದು, ತಟಸ್ಥ ಸೊನ್ನೆ.

"ಹನ್ನೊಂದು ಅಂದ್ರೆ ನೀನೂ ಸೇರಿ."

"ನಾನೂ ಸೇರಿ."

ಅವಳು ತಲೆಯಾಡಿಸಿದಳು. ಆಮೇಲೆ ಆ ಸಂಜೆಯೆಲ್ಲ ನನ್ನ ಕಡೆ ನೋಡಲಿಲ್ಲ.

ಎಗೊನ್ ಗಂಟಲು ಸರಿಮಾಡಿಕೊಂಡ. "ರೋಸ್ವಿಟಾ, ಈಗ ಓಟಿರೋದು ನಿನಗೊಬ್ಬಳಿಗೇ. ಆದದ್ದು ನಮ್ಮ ಕೈಮೀರಿದ್ದು. ಹಡಗಿನವನು ಕಾಯಲಿಲ್ಲ. ಇದನ್ನ ವಿಶೇಷ ಸಂದರ್ಭ ಅಂತ ಪರಿಗಣಿಸಿ ಹನ್ನೊಂದು ಜನರನ್ನೂ ಸಕ್ರಿಯರಾಗೇ ಉಳಿಸ್ಬೇಕು ಅಂತ ಒಂದು ಠರಾವು..."

"ಠರಾವು ತರೋಕೆ ನಿಷ್ಕ್ರಿಯರಿಗೆ ಹಕ್ಕಿಲ್ಲ," ಎಂದಳು. "ನಿನ್ನ ಪರವಾಗಿ ನಾನೇ ತರ್ತೀನಿ. ತಂದಿದೀನಿ. ಮತಕ್ಕೆ ಹಾಕು."

ಎಗೊನ್‌ನ ಮುಖ ಅರಳಿತು. ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ. "ಠರಾವಿನ ಪರ ಇರುವವರು."

ಗುಂಟ್ರಾಮ್‌ನ ಕೈ ಅಭ್ಯಾಸಬಲದಿಂದ ಅರ್ಧ ಎದ್ದು, ತನಗೆ ಓಟಿಲ್ಲವೆಂಬುದು ನೆನಪಾಗಿ ಮಡಿಲಿಗೆ ವಾಪಸಾಯಿತು. ರೋಸ್ವಿಟಾಳ ಎರಡೂ ಕೈ ಮೇಜಿನ ಮೇಲೆಯೇ ಇದ್ದವು. ಎಗೊನ್ ಬಹಳ ಹೊತ್ತು ಕಾದ.

"ವಿರುದ್ಧ," ಎಂದ ಕೊನೆಗೆ. ದನಿ ಕೇಳಿಸುವಷ್ಟಿರಲಿಲ್ಲ.

ರೋಸ್ವಿಟಾ ಕೈ ಎತ್ತಿದಳು. ಭುಜವೂ ನೋಯುತ್ತಿತ್ತು, ನಿಧಾನವಾಗಿ ಎತ್ತಿದಳು.

"ಎಣಿಸು, ಎಗೊನ್."

ಅವನು ಎಣಿಸಿದ. ಪೆನ್ಸಿಲ್ ತುದಿಯಿಂದ ಒಬ್ಬೊಬ್ಬರ ಮುಖವನ್ನೂ ತೋರಿಸುತ್ತ ಎಡದಿಂದ ಬಂದು, ಅವಳಲ್ಲಿಗೆ ತಲುಪಿ "ಒಂದು" ಎಂದ. ಬಲದಿಂದ ಮತ್ತೆ ಬಂದ. ಆಗಲೂ ಒಂದೇ. "ಠರಾವು ಬಿದ್ದಿದೆ," ಎಂದು ಸಾರಿದ. ನಿಷ್ಕ್ರಿಯನಾದವನು ಅಧ್ಯಕ್ಷನಾಗಿರುವಂತಿಲ್ಲ ಎಂಬುದೂ ಅವನಿಗೇ ಮೊದಲು ಹೊಳೆಯಿತು. ಕುರ್ಚಿಯನ್ನು ಹಿಂದಕ್ಕೆ ಸರಿಸಿ ಪಕ್ಕಕ್ಕೆ ನಿಂತ.

"ಹಾಗಾದ್ರೆ ಮುಂದಿನ ವರ್ಷ?" ಎಂದು ಕೇಳಿದ. ಉತ್ತರ ಗೊತ್ತಿಲ್ಲದೆ ಅವನು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು.

"ನಾನು ಹೋಗ್ತೀನಿ. ನಿಧಾನಕ್ಕೆ ಹೋಗ್ತೀನಿ."

ಎಗೊನ್ ಅಧ್ಯಕ್ಷರ ಕುರ್ಚಿಯನ್ನು ಅವಳ ಕಡೆಗೆ ತಳ್ಳಿದ. ಅವಳು ಅದರಲ್ಲಿ ಕೂರಲಿಲ್ಲ, ಊದಿದ ಕಾಲನ್ನು ಅದರ ಮೇಲೆ ಚಾಚಿಕೊಂಡಳು.