ಹಲಗೆಯ ಹಿಂದಿನ ಅಡುಗೆಯವಳು

ಊರು ನೋಡಲು ಬಂದವರಿಗೆಲ್ಲ ಮೂವತ್ತೊಂದು ವರ್ಷ ಬಡಿಸಿದ ಹೆಂಗಸು ತಾನು ಮಾತ್ರ ಊರು ನೋಡಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಂಬಬೇಕು. ಹಿತ್ತಲ ಗಿಡ ಯಾವತ್ತು ಮದ್ದಾಗಿದೆ? ಅವಳ ಊಟದ ಮನೆ ಇದ್ದದ್ದು ಕಡಲ ದಂಡೆಯ ಮರಳು ಮುಗಿದು ಟಾರು ರಸ್ತೆ ಶುರುವಾಗುವಲ್ಲಿ. ಆರು ಮೇಜು, ತಗಡಿನ ಮಾಡು, ಹಿಂದುಗಡೆ ಎರಡು ಒಲೆ. ಅಲ್ಲಿ ನಿಂತು ಕಣ್ಣೆತ್ತಿದರೆ ಬಂಡೆಯ ಮೇಲಿನ ಹಳೆಯ ಗುಡಿ ಕಾಣುತ್ತಿತ್ತು. ನಡೆದರೆ ಅರ್ಧ ಗಂಟೆ. ಎಲ್ಲೆಲ್ಲಿಂದಲೋ ಜನ ರೈಲು ಹತ್ತಿ, ಬಸ್ಸು ಹತ್ತಿ, ಬಿಸಿಲಿಗೆ ಮುಖ ಕೆಂಪಗೆ ಮಾಡಿಕೊಂಡು ಅದನ್ನು ನೋಡಲು ಬರುತ್ತಿದ್ದರು. ಅವಳಿಗೆ ಮಾತ್ರ ಪುರುಸೊತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಒಲೆ ಯಾರು ನೋಡ್ತಾರೆ?" ಎಂದು ಒಂದೇ ಉತ್ತರ.

ಆ ಜನರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದವನು ಅವಳ ಗಂಡನೇ. ಗೈಡು. ಊರವರು ಇಟ್ಟ ಹೆಸರು ಮೈಕಪ್ಪ. ಸಮುದ್ರ ಎಷ್ಟೇ ಮೊರೆಯಲಿ, ಹಿಂದಿನ ಸಾಲಿನವರಿಗೂ ಕೇಳುವಂಥ ಗಂಟಲು ಅವನದು. ಬೆಳಿಗ್ಗೆ ಎಂಟಕ್ಕೆ, ಬಂದರಿನ ಕಚೇರಿ ಕೊಟ್ಟ ಹಿತ್ತಾಳೆ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ಹೊರಡುತ್ತಿದ್ದ. ಮೊದಲು ಗೋಡೆ ತುಂಬ ಹಡಗುಗಳನ್ನು ಬರೆದಿಟ್ಟ ನಾವಿಕರ ಪ್ರಾರ್ಥನಾ ಮಂದಿರ, ಆಮೇಲೆ ದೀಪಸ್ತಂಭ, ಕೊನೆಗೆ ಬಂಡೆಯ ಗುಡಿ. ಗುಡಿಯ ಬೆನ್ನಿಗೆ ಸಮುದ್ರಕ್ಕಿಳಿಯುವ ಮೆಟ್ಟಿಲು. ಕೆಳಗೆ ದೋಣಿ ಕಾದಿರುತ್ತಿತ್ತು. ದೋಣಿಯಲ್ಲಿ ದಂಡೆಗೆ ಬಂದು, ಒಂದು ಗಂಟೆಗೆ ಸರಿಯಾಗಿ ಎಲ್ಲರನ್ನೂ ಹೆಂಡತಿಯ ಮೇಜುಗಳ ಮುಂದೆ ಕೂರಿಸಿ, "ಕಣ್ಣಿಗೆ ನಾನು ಬಡಿಸಿದೆ, ಹೊಟ್ಟೆಗೆ ಇವಳು ಬಡಿಸ್ತಾಳೆ" ಎನ್ನುತ್ತಿದ್ದ. ದಿನಾ ಅದೇ ಮಾತು. ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ಆದರೂ ಯಾವತ್ತಾದರೂ ಅವನು ಹೇಳಲು ಮರೆತರೆ ಅವಳಿಗೆ ಮೀನು ಹುರಿಯಲು ಕೈ ಬರುತ್ತಿರಲಿಲ್ಲ.

ಗುಡಿಯ ವಿಷಯದಲ್ಲಿ ಅವನು ಅವಳಿಗೆ ಪದೇ ಪದೇ ಹೇಳುತ್ತಿದ್ದದ್ದು ಒಂದೇ ಸಂಗತಿ. "ಹೊರಗೋಡೇಲಿ, ಮೊಣಕಾಲೆತ್ತರದಲ್ಲಿ, ಒಬ್ಬಳು ಅಡುಗೆಯವಳನ್ನ ಕೆತ್ತಿದ್ದಾರೆ ಕಣೇ. ಗುಡಿ ಕಟ್ಟೋವಾಗ ಹನ್ನೆರಡು ವರ್ಷ ಕಲ್ಲುಕುಟಿಗರಿಗೆ ಅನ್ನ ಹಾಕಿದವಳಂತೆ. ಥೇಟ್ ನಿನ್ನದೇ ಮೂಗು. ಒಂದ್ಸಲ ಬಾ."

"ನನ್ನ ಮೂಗು ನೋಡೋಕೆ ಬಂಡೆ ಹತ್ತಬೇಕಾ? ಕನ್ನಡಿ ಸಾಕು ಬಿಡಿ."

ಈ ವರ್ಷ ಮಾತ್ರ ಏನೋ ಕೆಟ್ಟಿತ್ತು. ಮೊದಲು ಬೆಂಚಿನ ಜಗಳ. ಗುಡಿಸುವಾಗ ಅವಳು ಬೆಂಚನ್ನು ಎರಡು ಗೇಣು ಆಚೆ ಸರಿಸಿದ್ದಳು, ಅಷ್ಟೇ. ಅವನು ಮುಗ್ಗರಿಸಿದ. ಎದ್ದು ನಿಂತು, ಮದುವೆಯಾದಾಗಿನಿಂದ ಎತ್ತದ ದನಿ ಎತ್ತಿ, "ಮನೆ ಅಂದ್ಮೇಲೆ ಸಾಮಾನು ಇದ್ದಲ್ಲಿ ಇರ್ಬೇಕು!" ಎಂದು ಕೂಗಾಡಿದ. ಆಮೇಲೆ ಅವನ ಗೊಣಗಾಟ. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಬಾಗಿಲಿಗೆ ಹೋಗುವಾಗ ಬಾಯಲ್ಲಿ ಏನೋ ಮಣಮಣ. ವಯಸ್ಸಾಯಿತು, ದೇವರ ನೆನಪು ಬಂತು ಎಂದುಕೊಂಡಳು. ಒಂದು ಬೆಳಿಗ್ಗೆ ಹಿಂದಿನಿಂದ ಹೋಗಿ ಕಿವಿಗೊಟ್ಟರೆ, ಅವನು ಹೇಳುತ್ತಿದ್ದದ್ದು ದೇವರ ಹೆಸರಲ್ಲ. ಏಳು, ಎಂಟು, ಒಂಬತ್ತು.

"ನಿಮ್ಮ ಕಣ್ಣು ಸರಿಯಿದೆಯೇನ್ರೀ?" ಎಂದು ಕೇಳಿದಳು.

"ನನ್ನ ಕಣ್ಣಿಗೇನಾಗಿದೆ? ಯಾರು ಹೇಳಿದ್ರು ನಿನಗೆ? ದೋಣಿಯವನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ. ದೋಣಿಯವನ ಹೆಸರನ್ನು ಅವಳು ಎತ್ತಿರಲೇ ಇಲ್ಲ. ಮರುದಿನ ದೋಣಿಯವನು ಊಟಕ್ಕೆ ಬಂದಾಗ, ಅವನ ತಟ್ಟೆಗೆ ಅನ್ನ ಹಾಕದೆ ಎದುರಿಗೆ ಕೈಕಟ್ಟಿ ನಿಂತಳು. ಹಸಿದವನು ಎಷ್ಟು ಹೊತ್ತು ಗುಟ್ಟು ಇಟ್ಟುಕೊಂಡಾನು?

"ಅತ್ತಿಗೆ, ಹೇಳಬಾರದು ಅಂತಿದ್ದೆ. ಹೋದ ವಾರ ಪ್ರವಾಸಿ ಒಬ್ಬರು ಸಮುದ್ರಕ್ಕಿಳಿಯೋ ಮೆಟ್ಟಿಲಲ್ಲಿ ಜಾರಿದ್ರು. ನಾನು ಓಡಿಹೋಗಿ ಹಿಡ್ಕೊಂಡೆ. ಪಾಚಿ ಕಟ್ಟಿರೋ ಕಡೆಗೇ ಅಣ್ಣ ಅವರನ್ನ ಇಳಿಸ್ತಿದ್ರು. ಅಲ್ಲಿ ಹಿಡ್ಕೊಳ್ಳೋಕೆ ಕಂಬಿಯೂ ಇಲ್ಲ, ಕೆಳಗೆ ಬರೀ ಕಲ್ಲು. ನಾಳೆ ನಾನು ಹಿಡಿಯೋಕೆ ಆಗದೆ ಹೋದ್ರೆ?"

ಅವನ ತಟ್ಟೆಗೆ ಅನ್ನ ಹಾಕಿದಳು, ಎರಡು ಸಲ ಹಾಕಿದ್ದು ಅವಳಿಗೇ ಗೊತ್ತಾಗಲಿಲ್ಲ. ಸಂಜೆಯವರೆಗೆ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಳು. ಕಣ್ಣಾರೆ ನೋಡುತ್ತೇನೆ. ನಿಜವಾಗಿದ್ದರೆ ಆ ಬಿಲ್ಲೆಯನ್ನು ಅವನ ಕೊರಳಿಂದ ನಾನೇ ತೆಗೆಯುತ್ತೇನೆ. ಯಾರದೋ ಮನೆಯ ಮಕ್ಕಳು ನೀರಿಗೆ ಬೀಳುವುದು ಬೇಡ. ಹಾಗಂದುಕೊಂಡಳೇ ಹೊರತು, ಬಿಲ್ಲೆ ತೆಗೆದ ಮೇಲೆ ಆ ಮನುಷ್ಯನಲ್ಲಿ ಏನು ಉಳಿಯುತ್ತದೆ ಎಂದು ಯೋಚಿಸಲು ಅವಳಿಗೆ ಧೈರ್ಯ ಬರಲಿಲ್ಲ. ಮಾತೇ ಆ ಮನುಷ್ಯನ ಉಸಿರು. ಅದಕ್ಕೆ ಕೇಳುವವರು ಬೇಕು.

ಮರುದಿನ ಹನ್ನೊಂದಕ್ಕೆ ಗಂಡನ ತಂಗಿಯನ್ನು ಕರೆಸಿ ಸೌಟನ್ನು ಕೈಗೆ ಕೊಟ್ಟಳು. ನಾದಿನಿ ಸೌಟನ್ನೂ ನೋಡಿದಳು, ಅತ್ತಿಗೆಯನ್ನೂ ನೋಡಿದಳು. ಎಣ್ಣೆ ವಾಸನೆ ಹೋಗಲೆಂದು ಸೋಪು ಹಾಕಿ ಮುಖ ತೊಳೆದು, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು, ಮೂವತ್ತೊಂದು ವರ್ಷಕ್ಕೆ ಮೊದಲ ಸಲ ಅವಳು ಬಂಡೆ ಹತ್ತಿದಳು.

ಅರವತ್ತೆಂಟು ಮೆಟ್ಟಿಲು. ನಡುವೆ ಎರಡು ಕಡೆ ಕೂತು ಸುಧಾರಿಸಿಕೊಂಡಳು. ಮೇಲೆ ಹೋಗಿ ತಿರುಗಿ ನೋಡಿದರೆ, ದಿನಾ ಕಾಣುವ ಅದೇ ಸಮುದ್ರ, ಆದರೆ ಇಷ್ಟು ದೊಡ್ಡದು ಎಂದು ಯಾರೂ ಹೇಳಿರಲಿಲ್ಲ. ಮೇಲಿನಿಂದ ಅವಳ ಊಟದ ಮನೆಯ ತಗಡು ಬೆಂಕಿಪೊಟ್ಟಣದಷ್ಟು ಕಾಣಿಸಿತು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ವರ್ಷ ಹೇಗೆ ಕಳೆದೆ ಎಂದು ಅವಳಿಗೇ ಆಶ್ಚರ್ಯ. ಗುಡಿಯ ಕಲ್ಲು ಕಾಲಿಗೆ ಬೆಚ್ಚಗಿತ್ತು. ಒಳಗೆ ದೇವರಿಗೆ ಕೈಮುಗಿದು, ಬಂದ ಕಾರಣವನ್ನು ಹೇಳಿಕೊಳ್ಳದೆಯೇ ಹೊರಗೆ ಬಂದಳು.

ಅಷ್ಟರಲ್ಲಿ ಕೆಳಗಿನಿಂದ ಗಂಟಲು ಕೇಳಿಸಿತು. "ಅರವತ್ತಾರು, ಅರವತ್ತೇಳು, ಅರವತ್ತೆಂಟು! ಬಂದ್ವಿ ನೋಡಿ." ಜನ ನಗುತ್ತ ಅವನ ಜೊತೆ ತಾವೂ ಎಣಿಸುತ್ತಿದ್ದರು, ಅದೂ ಒಂದು ತಮಾಷೆ ಎಂದುಕೊಂಡು. ಅವಳಿಗೆ ನಗು ಬರಲಿಲ್ಲ.

ಅವನು ಬರುವ ದಾರಿಗೆ ನೇರ ಅಡ್ಡ ನಿಂತಳು. ಎರಡು ಮಾರು ದೂರ. ನಡು ಮಧ್ಯಾಹ್ನದ ಬಿಸಿಲು. ಅವನು ಅವಳ ಮುಖದತ್ತಲೇ ಮುಖ ಮಾಡಿ, ಹಲ್ಲು ಬಿಟ್ಟು ನಕ್ಕು ಹೇಳಿದ: "ಬನ್ನಿ ಮೇಡಂ, ದಾರೀಲಿ ನಿಲ್ಬೇಡಿ. ಗುಂಪಿನ ಜೊತೆ ಬನ್ನಿ."

ಅಷ್ಟೇ. ನೋಡಬೇಕಾದದ್ದನ್ನು ನೋಡಿಯಾಯಿತು. ಅವಳು ಪಕ್ಕಕ್ಕೆ ಸರಿದು ನಿಂತಳು. ಗುಂಪು ಅವಳನ್ನು ದಾಟಿ ಹೋಯಿತು. ಕೋಪ ಬಂತು, ದುಃಖ ಬಂತು, ಯಾವುದು ಮೊದಲು ಬಂತೆಂದು ಹೇಳುವುದು ಕಷ್ಟ. ಒಂದೇ ತಟ್ಟೆಯ ಎರಡು ಕಡೆ ಕೂತು ಉಂಡ ಗಂಡ ಕಣ್ಣು ಕಳೆದುಕೊಳ್ಳುತ್ತಿದ್ದ, ಅವಳು ಬೆಂಚು ಸರಿಸುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲು.

ಗುಂಪಿನ ಹಿಂದೆ ಹಿಂದೆ ಹೋದಳು. ಅವನು ಕೈಯಿಂದ ಗೋಡೆ ಸವರಿಕೊಂಡು ನಡೆದ, ಒಂದು ಮೂಲೆ ತಿರುಗಿದ, ಹದಿನಾಲ್ಕು ಹೆಜ್ಜೆ ಎಣಿಸಿ ನಿಂತ.

"ಇಲ್ಲಿ ಎಲ್ಲರೂ ಬಗ್ಗಬೇಕು. ದೇವರನ್ನ ನೋಡೋಕೆ ತಲೆ ಎತ್ತಿದ್ರಿ, ಅನ್ನ ಹಾಕಿದವಳನ್ನ ನೋಡೋಕೆ ಬಗ್ಗಬೇಕು. ಬಗ್ಗಿ, ನಾಚಿಕೆ ಬೇಡ."

ಹನ್ನೆರಡು ಜನ ಬಗ್ಗಿದರು. ಅವರ ಮುಂದೆ ಇದ್ದದ್ದು ಸಾಲಾಗಿ ಮೊಳೆ ಹೊಡೆದ ಹೊಸ ಹಲಗೆಗಳು. ಮೇಲೊಂದು ತಗಡು, ಅದರ ಮೇಲೆ 'ದುರಸ್ತಿ ನಡೆಯುತ್ತಿದೆ' ಎಂಬ ಬರಹ ಮತ್ತು ತಾರೀಕು.

"ನೋಡಿ ಅವಳ ಮೂಗು. ನಡುವೆ ಸಣ್ಣ ಗುಬುಟು, ಹಟಮಾರಿ ಮೂಗು. ಕೂದಲನ್ನ ಹೇಗೆ ಎತ್ತಿ ಕಟ್ಟಿದ್ದಾಳೆ ನೋಡಿ, ಬೆವರು ಒರೆಸ್ಕೊಳ್ಳೋಕೂ ಬಿಡುವಿಲ್ಲ. ಎಡಗೈ ನೋಡಿ. ಎಣ್ಣೆ ಸಿಡಿದ ಗುರುತು. ಕಲ್ಲುಕುಟಿಗ ಅದನ್ನೂ ಬಿಟ್ಟಿಲ್ಲ. ರಾಜನ ಕಿರೀಟಕ್ಕಿಂತ ಈ ಗಾಯಕ್ಕೆ ಅವನು ಹೆಚ್ಚು ಹೊತ್ತು ಕೂತಿದ್ದಾನೆ ಅಂತ ನನಗೆ ಅನ್ಸುತ್ತೆ."

ಬಗ್ಗಿದವರು ಹಲಗೆಯಿಂದ ಕಣ್ಣು ತೆಗೆಯಲಿಲ್ಲ. ಅವಳು ತನ್ನ ಎಡಗೈ ಮೇಲಿನ ಗುರುತನ್ನು ನೋಡಿಕೊಂಡಳು. ಇನ್ನು ಇಪ್ಪತ್ತು ಹೆಜ್ಜೆ ಮುಂದೆ ಸಮುದ್ರದ ಮೆಟ್ಟಿಲು. ಸುಮ್ಮನಿದ್ದರೆ ಅವನು ಇವರನ್ನೆಲ್ಲ ಅಲ್ಲಿಗೆ ಕರೆದೊಯ್ಯುತ್ತಾನೆ. ಬಾಯಿ ತೆರೆದರೆ ಇವರೆಲ್ಲರ ಮುಂದೆ ಅವನ ಮಾನ ಹೋಗುತ್ತದೆ. ಎರಡರಲ್ಲಿ ಒಂದನ್ನು ಅವಳು ಆರಿಸಬೇಕಿತ್ತು.

"ಅವಳ ಬಲಗೈಲಿ ಏನಿದೆ?" ಎಂದು ಹಿಂದಿನಿಂದ ಕೇಳಿದಳು. ದನಿ ಬದಲಿಸಲು ಹೋಗಲಿಲ್ಲ.

ಅವನ ಕೈ ಗಾಳಿಯಲ್ಲೇ ನಿಂತಿತು.

"ಸೌಟು," ಎಂದ. ಹಿಂದಿನ ಸಾಲಿಗೆ ಕೇಳದಷ್ಟು ಮೆಲ್ಲಗೆ. ಆಮೇಲೆ, "ನೀನು ಯಾವಾಗ ಬಂದೆ?"

"ನೀವು ಮೇಡಂ ಅಂದಾಗ."

ಅವನು ಕೇಳಿದ: "ಅವಳು ಅಲ್ಲಿಲ್ವಾ?"

"ಹಲಗೆ ಇದೆ ಕಣ್ರೀ. ದುರಸ್ತಿ ಅಂತ ಬರ್ದಿದ್ದಾರೆ. ಹೋದ ತಿಂಗಳು ಐದನೇ ತಾರೀಕಿಂದ."

ಅವನು ಕುಕ್ಕರಗಾಲಲ್ಲಿ ಕೂತು ಹಲಗೆ ಮುಟ್ಟಿ ನೋಡಿದ, ಮೊಳೆ ಮುಟ್ಟಿ ನೋಡಿದ. "ಒಂದು ತಿಂಗಳು. ಒಬ್ರೂ ಹೇಳ್ಲಿಲ್ವಲ್ಲ."

ಅಗಲ ಟೋಪಿಯ ಪ್ರವಾಸಿ ಹೆಂಗಸೊಬ್ಬಳು ಅವನ ಪಕ್ಕದಲ್ಲೇ ಬಗ್ಗಿದ್ದಳು. "ನೀವು ಹೇಳ್ತಿದ್ರೆ ಕಾಣ್ತಿತ್ತು ಸಾರ್," ಎಂದಳು. "ಹಲಗೆ ಇದೆ ಅನ್ನೋದೇ ಮರೆತುಹೋಗಿತ್ತು." ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು, ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಅವನಿಗೆ ಆ ಮುಖ ಕಾಣುವಂತಿರಲಿಲ್ಲ.

ಅವನು ಎದ್ದು ನಿಂತ. ಅಂಗಿ ಸರಿಮಾಡಿಕೊಂಡ. ಈ ಸಲ ಹಿಂದಿನ ಸಾಲಿಗೂ ಕೇಳುವಂತೆ ಹೇಳಿದ: "ನನಗೆ ಎರಡು ವರ್ಷದಿಂದ ಕಣ್ಣು ಸರಿ ಕಾಣ್ತಿಲ್ಲ. ಅಂಚು ಕಾಣುತ್ತೆ, ನಡುವೆ ಹೊಗೆ. ಡಾಕ್ಟರು ಮದ್ದಿಲ್ಲ ಅಂದ್ರು. ಹೆಂಡತಿಗೂ ಹೇಳ್ದೆ, ನಿಮಗೂ ಹೇಳ್ದೆ ಕರ್ಕೊಂಡು ಬಂದೆ. ತಪ್ಪಾಯ್ತು. ಇಲ್ಲಿಂದ ಮುಂದೆ ಮೆಟ್ಟಿಲು ಅಪಾಯ, ನಾನು ಇಳಿಸಲ್ಲ. ದೋಣಿಯವನು ಮೇಲೆ ಬರ್ತಾನೆ, ಅವನ ಹಿಂದೆ ಒಬ್ಬೊಬ್ಬರಾಗಿ ಹೋಗಿ." ಬಂಡೆಯ ಅಂಚಿನ ಕಡೆ ತಿರುಗಿ ದೋಣಿಯವನನ್ನು ಕೂಗಿದ. ಆ ಕೂಗಿಗೆ ಗುಡಿಯ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು.

ಜನ ಹೋದರು. ಹೋಗುವ ಮುನ್ನ ಕೆಲವರು ಅವನ ಕೈ ಹಿಡಿದು ಹೋದರು. ಅವಳು ತೆಗೆಯಬೇಕೆಂದಿದ್ದ ಬಿಲ್ಲೆಯನ್ನು ಅವನೇ ಕೊರಳಿಂದ ತೆಗೆದು, ಅವಳ ಕೈ ಹುಡುಕಿ, ಅಂಗೈಯಲ್ಲಿಟ್ಟ. ಬಿಲ್ಲೆ ಅವನ ಮೈಯ ಬಿಸಿಗೆ ಬೆಚ್ಚಗಿತ್ತು. ಬೈಯಬೇಕೆಂದು ದಾರಿಯುದ್ದ ಕೂಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಅವಳಿಗೆ ನೆನಪಾಗಲಿಲ್ಲ.

"ನನಗೆ ಹೇಳೋಕೆ ಏನಾಗಿತ್ತು?" ಎಂದಷ್ಟೇ ಕೇಳಿದಳು.

"ಹೇಳಿದ್ರೆ ನೀನು ಆ ದಿನವೇ ನನ್ನ ಮನೇಲಿ ಕೂರಿಸ್ತಿದ್ದೆ."

"ಹೌದು, ಕೂರಿಸ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ಇಬ್ಬರೂ ಹಲಗೆಗೆ ಒರಗಿ ಕೂತರು. ಆಮೇಲೆ ಅವನು, "ಇಷ್ಟು ಹತ್ತಿ ಬಂದಿದ್ದೀಯ, ಅವಳನ್ನ ನೋಡದೆ ಹೋಗ್ತೀಯಾ? ಸಂದಿ ಗಿಂದಿ ಇದೆಯಾ ನೋಡು," ಎಂದ.

ಸಂದಿ ಇತ್ತು. ಅವಳು ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಸಂದಿಗೆ ಹಿಡಿದಳು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಒಳಗಿದ್ದದ್ದು ಒಂದು ಕಲ್ಲಿನ ಉಬ್ಬು. ಬಳಸಿ ಬಳಸಿ ಸವೆದ ಸೋಪಿನ ತುಂಡಿನ ಹಾಗೆ ನುಣ್ಣಗಾಗಿತ್ತು. ಕೂತ ಹೆಂಗಸು ಎಂದು ತಿಳಿಯುತ್ತಿತ್ತು, ಅಷ್ಟೇ. ಮುಖವಿರಲಿಲ್ಲ. ಕೂದಲಿರಲಿಲ್ಲ. ಕೈಯಲ್ಲಿದ್ದದ್ದು ಸೌಟೋ ದೋಣಿಯ ಹುಟ್ಟೋ ಆ ದೇವರಿಗೇ ಗೊತ್ತು.

"ರೀ, ಇವಳಿಗೆ ಮೂಗೇ ಇಲ್ವಲ್ರೀ."

"ಇಲ್ಲ."

"ಈಚೆಗೆ ಸವೆದುಹೋಯ್ತೇನೋ."

"ನಾನು ಮೊದಲ್ನೇ ಸಲ ನೋಡಿದಾಗ್ಲೂ ಇರ್ಲಿಲ್ಲ. ಉಪ್ಪು ಗಾಳಿಗೆ ಯಾವ ಮೂಗು ಉಳಿಯುತ್ತೆ ಕಣೇ?"

"ಮತ್ತೆ ಇಷ್ಟು ವರ್ಷ ಬಂದೋರಿಗೆಲ್ಲ ಹೇಳಿದ್ದು?"

ಅವನು ತಲೆ ಕೆರೆದುಕೊಂಡ. ತಪ್ಪು ಮಾಡಿ ಸಿಕ್ಕಿಬಿದ್ದವನ ಮುಖ. "ಜನ ಕೇಳ್ತಿದ್ರು, ಅವಳು ನೋಡೋಕೆ ಹೇಗಿದ್ಲು ಅಂತ. ನನಗೆ ಗೊತ್ತಿದ್ದ ಅಡುಗೆಯವಳು ಒಬ್ಬಳೇ."

ಅವಳು ಸಂದಿಯಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ಅಳುವುದು ಅವನಿಗೆ ಕಾಣುತ್ತದೆ ಎಂದು ಹಾಗೇ ಬಗ್ಗಿ ಕೂತಳು. ಕಾಣುವುದಿಲ್ಲ ಎಂಬುದು ಆಮೇಲೆ ನೆನಪಾಗಿ ಇನ್ನಷ್ಟು ಅತ್ತಳು.

ಕೊನೆಗೆ ಮುಖ ಒರೆಸಿಕೊಂಡು ಎದ್ದಳು. "ಏಳಿ. ಜನ ಊಟಕ್ಕೆ ಕೂತಿರ್ತಾರೆ. ನಾಳೆಯಿಂದ ಇವಳ ಕಥೆ ನಮ್ಮ ಮೇಜಿನ ಹತ್ರಾನೇ ಹೇಳಿ. ನೋಡ್ಬೇಕು ಅಂದವರಿಗೆ ನಾನೇ ಇದ್ದೀನಲ್ಲ."

"ಹೋಗೋದು ಅರವತ್ತೆಂಟು ಮೆಟ್ಟಿಲಿನ ಕಡೆಯಿಂದ. ಮೂವತ್ತನೇದು ಮುರಿದಿದೆ, ನೋಡ್ಕೊಂಡು ಇಡು ಕಾಲು."

ಅವನ ಕೈಯನ್ನು ತನ್ನ ಎಡಗೈ ಮೇಲೆ ಇಟ್ಟುಕೊಂಡಳು. ಅವನ ಬೆರಳು ಸುಟ್ಟ ಗುರುತಿನ ಮೇಲೆ ಬಂದು ಕೂತಿತು.

"ಒಂದು," ಎಂದಳು ಅವಳು.